ರಾಲಿನಾ, ಹರ್ಕ್ಯುಲಿಸಾ? ಮೆಟ್ಟಿಲ ಕೆಳಗೆ ಜಾಗ ಇರೋದು ಒಂದೇ ಸೈಕಲ್‌ಗೆ

(ಈ ವಾರದ ಸಂಚಿಕೆಯ ಪಠ್ಯರೂಪ. ಓದುವ ಅನುಕೂಲಕ್ಕೆ ಅಲ್ಲಲ್ಲಿ ತಿದ್ದಲಾಗಿದೆ.)

ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲೋ ಮೆಟ್ರೋದಲ್ಲೋ ನಿಂತಿರೋರಿಗೆ ಇವತ್ತಿನ ಕಥೆ ಸ್ವಲ್ಪ ಹೊಟ್ಟೆ ಉರಿಸಬಹುದು. ಯಾಕಂದ್ರೆ ಇದು ಸೈಕಲ್ ಕಥೆ. ಒಂದಲ್ಲ, ಎರಡು ಸೈಕಲ್.

ಶುರುವಾಗಿದ್ದು ಒಂದು ಫೋನ್ ಕಾಲ್‌ನಿಂದ. ಅಮ್ಮ ಊರಿಂದ ಫೋನ್ ಮಾಡಿದ್ರು. "ಗುಜರಿಯವನು ಬಂದಿದಾನೆ ಕಣೋ. ನಿಮ್ಮಜ್ಜನ ಸೈಕಲ್ ತೂಕಕ್ಕೆ ಹಾಕ್ಲಾ? ಕೊಟ್ಟಿಗೇಲಿ ಸುಮ್ನೆ ಜಾಗ ತಿಂತಾ ಇದೆ" ಅಂದ್ರು. "ಬೇಡಮ್ಮ, ಒಂದು ವಾರ ಇರು" ಅಂತ ಹೇಳಿಬಿಟ್ಟೆ. ಯಾಕೆ ಹಾಗಂದೆ ಅಂತ ನನಗೂ ಆಗ ಸರಿಯಾಗಿ ಗೊತ್ತಿರಲಿಲ್ಲ.

ಯಾಕಂದ್ರೆ ಅದೇ ವಾರ ನನ್ನ ಕಣ್ಣು ಇನ್ನೊಂದು ಸೈಕಲ್ ಮೇಲೆ ಬಿದ್ದಿತ್ತು. ಮಲ್ಲೇಶ್ವರದಲ್ಲಿ ಹಿರಿಯರೊಬ್ಬರು ಮನೆ ಖಾಲಿ ಮಾಡ್ತಾ ಇದ್ರು. ಅವರ ಅಣ್ಣ ಇಂಗ್ಲೆಂಡಿನಲ್ಲಿ ಓದಿ ವಾಪಸ್ ಬರುವಾಗ ಹಡಗಿನಲ್ಲಿ ತಂದ ರಾಲಿ ಸೈಕಲ್ ಅದು. ಕಡು ಹಸಿರು ಬಣ್ಣ, ಹ್ಯಾಂಡಲ್ ಮೇಲೆ ಪುಟ್ಟ ಗೇರ್ ಲಿವರ್. ₹8,000 ಹೇಳಿದ್ರು. "ಒಂದು ವಾರ ಓಡಿಸಿ ನೋಡಪ್ಪ. ಬೇಡ ಅನ್ನಿಸಿದ್ರೆ ತಂದು ಕೊಟ್ಟುಬಿಡು" ಅಂದ್ರು.

ನಾನಿರೋದು ಹನುಮಂತನಗರದಲ್ಲಿ, ಬಾಡಿಗೆ ಮನೆ. ಆಫೀಸ್ ರಿಚ್ಮಂಡ್ ಸರ್ಕಲ್ ಹತ್ತಿರ. ಹೋಗೋಕೆ ಸುಮಾರು 6 ಕಿಲೋಮೀಟರ್. ಬೈಕ್ ತಗೊಳ್ಳೋ ಬದಲು ಸೈಕಲ್‌ನಲ್ಲೇ ಹೋಗೋದು ಅಂತ ತೀರ್ಮಾನ ಮಾಡಿದ್ದೆ. ಆದರೆ ಮನೆ ಓನರ್ ಆಂಟಿ ಖಡಾಖಂಡಿತ. "ಮೆಟ್ಟಿಲ ಕೆಳಗೆ ಒಂದೇ ಒಂದು ಸೈಕಲ್. ಎರಡನೇದು ಕಂಡ್ರೆ ರಸ್ತೆಗೆ ಇಡ್ತೀನಿ."

ಅಂದ್ರೆ ಲೆಕ್ಕ ಸರಳ. ರಾಲಿ ಉಳಿಸಿಕೊಂಡರೆ ಅಜ್ಜನ ಹರ್ಕ್ಯುಲಿಸ್ ಗುಜರಿಗೆ. ಹರ್ಕ್ಯುಲಿಸ್ ತಂದರೆ ರಾಲಿ ವಾಪಸ್ ಮಲ್ಲೇಶ್ವರಕ್ಕೆ.

ಇದು ಬರೀ ನನ್ನ ಸಮಸ್ಯೆ ಅಲ್ಲ ಅಂತ ಗೊತ್ತು. ಹಳೇ ಸೈಕಲ್ ತಗೊಂಡು ಸಿಟಿಯಲ್ಲಿ ಓಡಿಸಬೇಕು ಅನ್ನೋ ಆಸೆ ನಿಮ್ಮಲ್ಲಿ ಸುಮಾರು ಜನಕ್ಕೆ ಇದೆ. ಹೆಚ್ಚಿನವರು ಬಣ್ಣ ನೋಡ್ತಾರೆ, ಬ್ರ್ಯಾಂಡ್ ನೋಡ್ತಾರೆ, ಫೋಟೋದಲ್ಲಿ ಹೇಗೆ ಕಾಣುತ್ತೆ ಅಂತ ನೋಡ್ತಾರೆ. ನಾನು ಇತಿಹಾಸ ನೋಡಿದೆ. ಅದರಿಂದ ಉತ್ತರವೂ ಸಿಕ್ತು. ಬನ್ನಿ.

ನಾಟಿಂಗ್‌ಹ್ಯಾಮ್‌ನ ಕೊಕ್ಕರೆ

ನಾವು ಇವತ್ತು ಸೈಕಲ್ ಅಂತ ಕರೆಯೋ ಆಕಾರ, ಅಂದ್ರೆ ಎರಡು ಸಮ ಚಕ್ರ, ನಡುವೆ ಪೆಡಲ್, ಹಿಂದಿನ ಚಕ್ರಕ್ಕೆ ಚೈನ್, ಇದು ಗಟ್ಟಿಯಾಗಿದ್ದು 1885ರಲ್ಲಿ. ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ಜಾನ್ ಕೆಂಪ್ ಸ್ಟಾರ್ಲಿ ಮಾಡಿದ 'ರೋವರ್' ಸೈಕಲ್ ಅದು. ಮೂರೇ ವರ್ಷಕ್ಕೆ, 1888ರಲ್ಲಿ, ಜಾನ್ ಬಾಯ್ಡ್ ಡನ್‌ಲಪ್ ಗಾಳಿ ತುಂಬಿದ ಟಯರ್ ತಂದ. ಅಲ್ಲಿಂದ ಮುಂದೆ ಸೈಕಲ್ ಅನ್ನೋದು ಸಾಹಸಿಗಳ ಆಟಿಕೆ ಆಗಿ ಉಳಿಯಲಿಲ್ಲ, ಜನರ ವಾಹನ ಆಯಿತು.

ಅದೇ ಹೊತ್ತಲ್ಲಿ ನಾಟಿಂಗ್‌ಹ್ಯಾಮ್ ಊರಿನ ರಾಲಿ ಸ್ಟ್ರೀಟ್‌ನಲ್ಲಿ ಒಂದು ಸಣ್ಣ ಸೈಕಲ್ ವರ್ಕ್‌ಶಾಪ್ ಇತ್ತು. ಹಾಂಗ್‌ಕಾಂಗ್‌ನಲ್ಲಿ ದುಡ್ಡು ಮಾಡಿ ಊರಿಗೆ ವಾಪಸ್ ಬಂದಿದ್ದ ಫ್ರಾಂಕ್ ಬೌಡನ್ ಅನ್ನೋ ವಕೀಲ ಅದನ್ನು ಕೊಂಡುಕೊಂಡ. ಆರೋಗ್ಯ ಕೆಟ್ಟಿತ್ತು, ಸೈಕಲ್ ತುಳಿದು ಸುಧಾರಿಸಿತು, ಆ ಖುಷಿಗೆ ಕಂಪನಿಯನ್ನೇ ಕೊಂಡ ಅನ್ನೋದು ಕಂಪನಿಯವರೇ ಹೇಳಿಕೊಂಡು ಬಂದ ಕಥೆ. 1888ರ ಡಿಸೆಂಬರ್‌ನಲ್ಲಿ ರಾಲಿ ಕಂಪನಿ ಆಯಿತು. ಬೀದಿಯ ಹೆಸರೇ ಸೈಕಲ್ ಹೆಸರು.

ರಾಲಿಯ ಗುರುತು ಒಂದು ಕೊಕ್ಕರೆಯ ತಲೆ. ಮಲ್ಲೇಶ್ವರದ ಸೈಕಲ್‌ನಲ್ಲೂ ಇದೆ. ಪೆಡಲ್ ಪಕ್ಕದ ದೊಡ್ಡ ಹಲ್ಲುಚಕ್ರದಲ್ಲಿ ಕೊಕ್ಕರೆ ಆಕಾರ ಕತ್ತರಿಸಿದ್ದಾರೆ. ತುಳಿದಾಗ ಕೊಕ್ಕರೆಗಳು ಸುತ್ತುತ್ತವೆ. ನಿಜ ಹೇಳ್ತೀನಿ, ಅದನ್ನು ನೋಡಿಯೇ ನಾನು ಅರ್ಧ ಬಿದ್ದುಹೋಗಿದ್ದು.

ಆದರೆ ಈ ಸೈಕಲ್‌ನ ಅಸಲಿ ವಿಷಯ ಹಿಂದಿನ ಚಕ್ರದ ನಡುವೆ, ಹಬ್ ಒಳಗೆ ಇದೆ. ಸ್ಟರ್ಮಿ-ಆರ್ಚರ್ ಮೂರು ಗೇರ್ ಹಬ್. 1902ರಲ್ಲಿ ಪೇಟೆಂಟ್ ಆಗಿ, ಮರುವರ್ಷ ರಾಲಿ ಆಶ್ರಯದಲ್ಲಿ ಮಾರಾಟಕ್ಕೆ ಬಂತು. ಹೆನ್ರಿ ಸ್ಟರ್ಮಿ, ಜೇಮ್ಸ್ ಆರ್ಚರ್ ಅನ್ನೋ ಇಬ್ಬರ ಹೆಸರು ಅದಕ್ಕಿದೆ. ವಿನ್ಯಾಸದಲ್ಲಿ ದೊಡ್ಡ ಪಾಲು ವಿಲಿಯಂ ರೀಲಿ ಅನ್ನೋ ಮೂರನೇ ವ್ಯಕ್ತಿಯದು. ಕೆಲಸ ಒಬ್ಬರದು, ಹೆಸರು ಇನ್ನೊಬ್ಬರದು. ಇದು ನಮಗೇನು ಹೊಸದಲ್ಲ ಬಿಡಿ.

ಈಗಿನ ಸೈಕಲ್‌ಗಳಲ್ಲಿ ಗೇರ್ ಹೊರಗೆ ಕಾಣುತ್ತೆ. ಹಲವು ಹಲ್ಲುಚಕ್ರ, ಚೈನ್ ಒಂದರಿಂದ ಇನ್ನೊಂದಕ್ಕೆ ಹಾರುತ್ತೆ. ಸ್ಟರ್ಮಿ-ಆರ್ಚರ್‌ನಲ್ಲಿ ಚೈನ್ ಕದಲೋದೇ ಇಲ್ಲ. ಹಬ್ ಒಳಗಡೆ ಪುಟ್ಟ ಹಲ್ಲುಚಕ್ರಗಳು ನಡುವಿನ ಒಂದು ಚಕ್ರದ ಸುತ್ತ ತಿರುಗುತ್ತವೆ, ಗ್ರಹಗಳು ಸೂರ್ಯನ ಸುತ್ತ ತಿರುಗೋ ಹಾಗೆ. ಮಳೆ, ಧೂಳು, ಕೆಸರು ಯಾವುದೂ ಒಳಗೆ ಹೋಗಲ್ಲ. ಇನ್ನೂ ಮುಖ್ಯವಾದದ್ದು, ನಿಂತಲ್ಲೇ ಗೇರ್ ಬದಲಾಯಿಸಬಹುದು. ಸಿಗ್ನಲ್‌ನಲ್ಲಿ ದಿಢೀರ್ ಅಂತ ನಿಂತಿರಾ? ಲಿವರ್ ಎಳೆದರೆ ಹಗುರ ಗೇರ್. ಹಸಿರು ದೀಪ ಬಂದ ಕೂಡಲೇ ಸಲೀಸಾಗಿ ಹೊರಡಬಹುದು. ಸಿಟಿಗೆ ಇದಕ್ಕಿಂತ ಒಳ್ಳೇ ಗೇರ್ ಇಲ್ಲ ಅಂತ ಇವತ್ತಿಗೂ ಹೇಳೋರು ಇದ್ದಾರೆ.

ನನ್ನ ಕೈಲಿದ್ದದ್ದು 'ಎಡಬ್ಲ್ಯೂ' ಅನ್ನೋ ಮಾದರಿ. 1930ರ ದಶಕದಲ್ಲಿ ಬಂದದ್ದು, ಸ್ಟರ್ಮಿ-ಆರ್ಚರ್‌ನ ಅತ್ಯಂತ ಪ್ರಸಿದ್ಧ ಹಬ್. ಹಬ್ ಮೇಲಿನ ಕೊಳೆ ಒರೆಸಿದರೆ ತಯಾರಾದ ವರ್ಷ ಕೊರೆದಿರೋದು ಕಾಣುತ್ತೆ. ಇದರ ಮೇಲೆ 62 ಅಂತಿತ್ತು. ಅಂದ್ರೆ 1962.

ಲೆಕ್ಕ ಬೇಕಾದವರಿಗೆ ಹೇಳ್ತೀನಿ. ಮುಂದಿನ ಹಲ್ಲುಚಕ್ರಕ್ಕೆ 46 ಹಲ್ಲು, ಹಿಂದಿನದಕ್ಕೆ 18. ನಡುವಿನ ಗೇರ್‌ನಲ್ಲಿ ಒಂದು ಸುತ್ತು ತುಳಿದರೆ ಸೈಕಲ್ ಸುಮಾರು 5.3 ಮೀಟರ್ ಮುಂದೆ ಹೋಗುತ್ತೆ. ಕೆಳಗಿನ ಗೇರ್ ಅದನ್ನು ಕಾಲು ಭಾಗ ಕಡಿಮೆ ಮಾಡುತ್ತೆ, ಸುಮಾರು 4 ಮೀಟರ್. ಏರು ಹತ್ತೋಕೆ ಅದು. ಮೇಲಿನ ಗೇರ್ ಮೂರನೇ ಒಂದು ಭಾಗ ಹೆಚ್ಚಿಸುತ್ತೆ, ಸುಮಾರು 7 ಮೀಟರ್. ಇಳಿಜಾರಿಗೆ, ಖಾಲಿ ರಸ್ತೆಗೆ ಅದು.

ಈ ಸೈಕಲ್ ಯಾರಿಗಾಗಿ ಮಾಡಿದ್ದು ಅನ್ನೋದು ಇದರಲ್ಲೇ ಗೊತ್ತಾಗುತ್ತೆ. ಡಾಂಬರು ರಸ್ತೆ ಇರೋ ಊರಲ್ಲಿ ಬೆಳಿಗ್ಗೆ ಕೆಲಸಕ್ಕೆ ಹೋಗಿ ಸಂಜೆ ಮನೆಗೆ ಬರೋ ಗುಮಾಸ್ತ, ಕಾರ್ಖಾನೆ ಕೆಲಸಗಾರ, ಕಾಲೇಜು ಹುಡುಗಿ. ಹೊರೆ ಅಂದ್ರೆ ಒಂದು ಬ್ಯಾಗು, ಅಷ್ಟೇ. 26 ಇಂಚಿನ ಚಕ್ರ, ಕೇಬಲ್ ಬ್ರೇಕ್, ಸುಮಾರು 17 ಕೆ.ಜಿ. ತೂಕ.

ಅಂಬತ್ತೂರಿನ ಹರ್ಕ್ಯುಲಿಸ್

ಈಗ ಅಜ್ಜನ ಸೈಕಲ್‌ಗೆ ಬರೋಣ.

ಹರ್ಕ್ಯುಲಿಸ್ ಕೂಡ ಇಂಗ್ಲೆಂಡಿನಲ್ಲೇ ಹುಟ್ಟಿದ ಹೆಸರು. 1910ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಎಡ್ಮಂಡ್ ಕ್ರೇನ್ ಮತ್ತು ಅವನ ತಮ್ಮ ಸಣ್ಣದಾಗಿ ಶುರು ಮಾಡಿದ ಕಂಪನಿ. ರಾಲಿಯವರು "ನಮ್ಮದು ಉಕ್ಕಿನ ಸೈಕಲ್, ದುಬಾರಿಯಾದರೂ ಬಾಳಿಕೆ" ಅಂತ ಮಾರ್ತಾ ಇದ್ರು. ಕ್ರೇನ್ ದಾರಿ ಬೇರೆ. ಹೆಚ್ಚು ಮಾಡು, ಕಡಿಮೆ ಬೆಲೆಗೆ ಮಾರು, ದೂರದ ದೇಶಗಳಿಗೂ ಕಳಿಸು. ಎರಡು ಮಹಾಯುದ್ಧಗಳ ನಡುವೆ ಹರ್ಕ್ಯುಲಿಸ್ ಜಗತ್ತಿನ ದೊಡ್ಡ ಸೈಕಲ್ ಕಂಪನಿಗಳಲ್ಲಿ ಒಂದಾಯಿತು. 1946ರಲ್ಲಿ ಅದನ್ನು ಟ್ಯೂಬ್ ಇನ್ವೆಸ್ಟ್‌ಮೆಂಟ್ಸ್, ಅಂದ್ರೆ ಟಿಐ ಅನ್ನೋ ಉಕ್ಕಿನ ಕೊಳವೆ ಕಂಪನಿಗಳ ಗುಂಪು ಕೊಂಡುಕೊಂಡಿತು.

ಮರುವರ್ಷ ನಮಗೆ ಸ್ವಾತಂತ್ರ್ಯ ಬಂತು. ಅಲ್ಲಿತನಕ ಭಾರತ ಇಂಗ್ಲೆಂಡಿನ ಸೈಕಲ್‌ಗಳಿಗೆ ದೊಡ್ಡ ಮಾರುಕಟ್ಟೆ. ಈಗ ದೆಹಲಿಯ ಸರ್ಕಾರ ಹೊರಗಿನಿಂದ ತರಿಸೋದಕ್ಕೆ ಕಡಿವಾಣ ಹಾಕೋಕೆ ಶುರು ಮಾಡಿತು. ಇಲ್ಲಿ ಮಾರಬೇಕಾ? ಇಲ್ಲೇ ಮಾಡಿ. ಹಾಗಾಗಿ 1949ರಲ್ಲಿ ಟಿಐ ಮತ್ತು ಮುರುಗಪ್ಪ ಗುಂಪು ಸೇರಿ ಮದ್ರಾಸಿನಲ್ಲಿ ಟಿಐ ಸೈಕಲ್ಸ್ ಆಫ್ ಇಂಡಿಯಾ ಕಟ್ಟಿದವು. ಅಂಬತ್ತೂರಿನಲ್ಲಿ ಕಾರ್ಖಾನೆ. ದಕ್ಷಿಣ ಭಾರತದ ಹಳ್ಳಿಹಳ್ಳಿಗೆ ಹರ್ಕ್ಯುಲಿಸ್ ಬಂದಿದ್ದು ಅಲ್ಲಿಂದ. ರಾಲಿಯವರೂ ಸುಮ್ಮನೆ ಕೂರಲಿಲ್ಲ. ಬಂಗಾಳದ ಅಸನ್ಸೋಲ್‌ನಲ್ಲಿ ಸೇನ್-ರಾಲಿ ಅನ್ನೋ ಹೆಸರಲ್ಲಿ ಕಾರ್ಖಾನೆ ಹಾಕಿದರು. ಹರಿಯಾಣದ ಸೋನಿಪತ್‌ನಲ್ಲಿ 1951ರಲ್ಲಿ ಅಟ್ಲಾಸ್, ಲೂಧಿಯಾನದಲ್ಲಿ 1956ರಲ್ಲಿ ಹೀರೋ ಬಂದವು. ಹತ್ತು ವರ್ಷದ ಒಳಗೆ ಇಡೀ ಒಂದು ಉದ್ಯಮ ಎದ್ದು ನಿಂತಿತು.

ಅಜ್ಜ ತುಮಕೂರು ಕಡೆ ಹಳ್ಳಿ ಶಾಲೆ ಮೇಷ್ಟ್ರು. ಹರ್ಕ್ಯುಲಿಸ್ ತಗೊಂಡಿದ್ದು 1968ರಲ್ಲಿ. ಅವರ ಕಬ್ಬಿಣದ ಪೆಟ್ಟಿಗೆಯಲ್ಲಿ ಇವತ್ತಿಗೂ ಒಂದು ತಗಡಿನ ಬಿಲ್ಲೆ ಇದೆ. ಸೈಕಲ್ ತೆರಿಗೆ ಕಟ್ಟಿದ್ದಕ್ಕೆ ಕೊಡ್ತಾ ಇದ್ದ ಬಿಲ್ಲೆ ಅದು. ಹೌದು, ಆಗ ಸೈಕಲ್‌ಗೂ ತೆರಿಗೆ ಇತ್ತು. ಬಿಲ್ಲೆ ಇಲ್ಲದೆ ಪೇಟೆಗೆ ಹೋಗಿ ಸಿಕ್ಕಿಬಿದ್ದರೆ ದಂಡ. ರಾತ್ರಿ ದೀಪ ಇಲ್ಲದಿದ್ದರೆ ದಂಡ. ಹಿಂದೆ ಒಬ್ಬರನ್ನು ಕೂರಿಸಿಕೊಂಡು 'ಡಬಲ್ ರೈಡಿಂಗ್' ಮಾಡಿದರೂ ದಂಡ. ನಿಮ್ಮ ಮನೆಯ ಹಿರಿಯರನ್ನು ಕೇಳಿ, ಪೊಲೀಸ್ ಕಂಡ ಕೂಡಲೇ ಇಳಿದು ತಳ್ಳಿಕೊಂಡು ಹೋದ ಕಥೆ ಒಂದಾದರೂ ಇರುತ್ತೆ.

ಈ ಸೈಕಲ್‌ನ ಮೈ ನೋಡಿ. 28 ಇಂಚಿನ ದೊಡ್ಡ ಚಕ್ರ. ಮುಂದಿನ ಫೋರ್ಕ್ ಚೆನ್ನಾಗಿ ಮುಂದಕ್ಕೆ ವಾಲಿದೆ, ಎರಡು ಚಕ್ರದ ನಡುವೆ ಅಂತರ ಜಾಸ್ತಿ. ಹಾಗಾಗಿ ಕಲ್ಲು, ಗುಂಡಿ ಮೇಲೆ ಹೋದಾಗ ಪೆಟ್ಟು ಕೈಗೆ ಅಷ್ಟಾಗಿ ಬರಲ್ಲ. ಬ್ರೇಕ್‌ಗೆ ಕೇಬಲ್ ಇಲ್ಲ, ಕಡ್ಡಿಗಳು. ಹಿಂದೆ ಮೂಟೆ ತಡೆಯೋ ಕ್ಯಾರಿಯರ್. ತೂಕ 20 ಕೆ.ಜಿ.ಗಿಂತ ಜಾಸ್ತಿ. ಗೇರ್ ಒಂದೇ. ಈ ಆಕಾರಕ್ಕೆ ಇಂಗ್ಲೆಂಡಿನಲ್ಲಿ 'ರೋಡ್‌ಸ್ಟರ್' ಅಂತ ಹೆಸರು. ಅಲ್ಲಿ ಡಾಂಬರು ಬರೋ ಮುಂಚಿನ ರಸ್ತೆಗಳಿಗೆ ಮಾಡಿದ್ದು.

ಇಲ್ಲಿ ಒಂದು ಮಜಾ ವಿಷಯ. 1960ರಲ್ಲಿ ಟಿಐ ಮತ್ತು ರಾಲಿ ವಿಲೀನ ಆದವು. ಅರ್ಧ ಶತಮಾನ ಪೈಪೋಟಿ ಮಾಡಿದ ರಾಲಿ, ಹರ್ಕ್ಯುಲಿಸ್ ಎರಡೂ ಇಂಗ್ಲೆಂಡಿನಲ್ಲಿ ಒಂದೇ ಮನೆಯವಾದವು. ಅಂದ್ರೆ 1962ರ ಆ ಹಸಿರು ರಾಲಿ, 1968ರ ಅಜ್ಜನ ಹರ್ಕ್ಯುಲಿಸ್, ಎರಡೂ ದಾಯಾದಿಗಳು. ಎರಡರ ಸ್ಪೋಕ್ ಎಣಿಸಿದೆ. ಎರಡರಲ್ಲೂ ಮುಂದೆ 32, ಹಿಂದೆ 40. ಬ್ರಿಟಿಷರ ಹಳೇ ಪದ್ಧತಿ ಅದು, ಹಿಂದಿನ ಚಕ್ರಕ್ಕೆ ಭಾರ ಹೆಚ್ಚು ಅಂತ.

ಒಂದು ಬದಲಾಯಿತು, ಇನ್ನೊಂದು ನಿಂತಿತು

ಆಮೇಲೆ ಎರಡೂ ಕಡೆ ಆಗಿದ್ದೇನು ಅನ್ನೋದೇ ಈ ಸಂಚಿಕೆಯ ಮುಖ್ಯ ವಿಷಯ. ಇಲ್ಲಿ ಸ್ವಲ್ಪ ಗಮನ ಕೊಡಿ.

ಇಂಗ್ಲೆಂಡಿನಲ್ಲಿ ಜನ ಕಾರು ಕೊಂಡರು. ಕೆಲಸಕ್ಕೆ ಹೋಗೋ ಸೈಕಲ್ ಯಾರಿಗೂ ಬೇಡವಾಯಿತು. ಕಂಪನಿ ಮಕ್ಕಳ ಸೈಕಲ್, ರೇಸಿಂಗ್ ಸೈಕಲ್, ಗುಡ್ಡ ಹತ್ತೋ ಸೈಕಲ್ ಅಂತ ಮಾದರಿ ಬದಲಾಯಿಸುತ್ತಾ ಹೋಯಿತು. ಮೂರು ಗೇರಿನ ಹಸಿರು ಸೈಕಲ್ ನಿಧಾನಕ್ಕೆ ನಿಂತಿತು. 2000ದಲ್ಲಿ ಸ್ಟರ್ಮಿ-ಆರ್ಚರ್ ತೈವಾನಿನ ಸನ್‌ರೇಸ್ ಕಂಪನಿ ಪಾಲಾಯಿತು. 2002ರಲ್ಲಿ ನಾಟಿಂಗ್‌ಹ್ಯಾಮ್ ಕಾರ್ಖಾನೆಯಲ್ಲಿ ಸೈಕಲ್ ಜೋಡಿಸೋದೂ ನಿಂತುಹೋಯಿತು.

ಭಾರತದಲ್ಲಿ? ಕಪ್ಪು ರೋಡ್‌ಸ್ಟರ್ ಹಾಗೇ ನಿಂತಿತು. ಹಾಲಿನವರು, ಪೋಸ್ಟ್‌ಮ್ಯಾನ್, ಸೊಪ್ಪಿನವರು, ಗಾರೆ ಕೆಲಸದವರು ಎಲ್ಲರಿಗೂ ಬೇಕಾಗಿದ್ದು ಅದೇ. ಕಡಿಮೆ ಬೆಲೆ ಇರಬೇಕು, ಮೂಟೆ ಹೊರಬೇಕು, ಎಲ್ಲಿ ಕೆಟ್ಟರೂ ರಿಪೇರಿ ಆಗಬೇಕು. ಕಂಪನಿಗಳಿಗೂ ಬದಲಾಯಿಸೋ ಒತ್ತಡ ಇರಲಿಲ್ಲ. ಅದೇ ಆಕಾರವನ್ನು ಲಕ್ಷಗಟ್ಟಲೆ ಮಾಡಿದರು. 1986ರಲ್ಲಿ ಜಗತ್ತಿನ ಅತಿ ದೊಡ್ಡ ಸೈಕಲ್ ತಯಾರಕ ಅಂತ ಹೀರೋ ಸೈಕಲ್ಸ್ ಹೆಸರು ಗಿನ್ನೆಸ್ ಪುಸ್ತಕ ಸೇರಿತು.

ಇದನ್ನು ಕೆಲವರು ಅವಮಾನ ಅಂತ ಹೇಳ್ತಾರೆ. "ನಾವು ಬ್ರಿಟಿಷರ ಹಳೇ ಮಾದರಿಯನ್ನೇ ತಿದ್ದದೆ ಮಾಡಿಕೊಂಡು ಕೂತ್ವಿ, ಹೊಸದೇನೂ ಕಂಡುಹಿಡಿಯಲಿಲ್ಲ" ಅಂತ. ಅದರಲ್ಲಿ ಸತ್ಯ ಇಲ್ಲ ಅಂತಲ್ಲ. ಅಜ್ಜನಂಥ ಲಕ್ಷಾಂತರ ಜನ ಒಂದು ಗೇರ್ ಇಲ್ಲದೆ ಏರುಗಳಲ್ಲಿ ಸೈಕಲ್ ತಳ್ಳಿದರು. ಮೂರು ಗೇರಿನ ಹಬ್ ಹಳ್ಳಿಗೆ ಬಂದೇ ಇಲ್ಲ. ಬೆಲೆ ಏರುತ್ತೆ ಅಂತ ಯಾರೂ ತರಲಿಲ್ಲ.

ಆದರೆ ಇದಕ್ಕೆ ಇನ್ನೊಂದು ಮಗ್ಗುಲಿದೆ. ಆಕಾರ ಬದಲಾಗದೆ ಉಳಿದಿದ್ದರಿಂದ ಸಾಮಾನುಗಳೂ ಉಳಿದವು. 1968ರ ಸೈಕಲ್‌ಗೆ ಬೇಕಾದ 28 ಇಂಚಿನ ಟಯರ್, ಟ್ಯೂಬ್, ರಿಮ್, ಬ್ರೇಕ್ ರಬ್ಬರ್, ಕಾಟರ್ ಪಿನ್, ಫ್ರೀವೀಲ್ ಎಲ್ಲಾ ಇವತ್ತು ಪೇಟೆಯ ಸೈಕಲ್ ಅಂಗಡಿಯಲ್ಲಿ ಹೊಸದೇ ಸಿಗುತ್ತೆ. ಅರ್ಧ ಶತಮಾನ ದಾಟಿದ ನಿಮ್ಮ ಮನೆಯ ಬೇರೆ ಯಾವ ಯಂತ್ರಕ್ಕಾದರೂ ಹೀಗೆ ಸಿಗುತ್ತಾ, ಯೋಚನೆ ಮಾಡಿ. ನಿಮ್ಮ ಐದು ವರ್ಷದ ಹಿಂದಿನ ಫೋನ್‌ಗೆ ಬ್ಯಾಟರಿ ಹುಡುಕಿ ನೋಡಿ.

ಒಂದು ವಾರ, ಎರಡು ಸೈಕಲ್

ಸರಿ, ಮಾತು ಸಾಕು. ಹರ್ಕ್ಯುಲಿಸ್‌ನ ಬಸ್ಸಿನ ಮೇಲೆ ಹಾಕಿಸಿಕೊಂಡು ಬಂದೆ. ಬೀದಿ ಕೊನೆಯ ಸೈಕಲ್ ಶಾಪ್‌ನ ಅಣ್ಣ ಅದನ್ನು ನೋಡಿ ನಕ್ಕರು. ಆಮೇಲೆ ಎರಡು ದಿನ ಇಟ್ಟುಕೊಂಡು ಓವರ್‌ಹಾಲಿಂಗ್ ಮಾಡಿ ಕೊಟ್ಟರು. ಟಯರ್, ಟ್ಯೂಬ್, ಚೈನ್, ಬ್ರೇಕ್ ರಬ್ಬರ್ ಹೊಸದು. ಗುಂಡು ಬದಲಾಯಿಸಿ ಗ್ರೀಸ್ ಹಾಕಿದರು. ಚಕ್ರದ ಬೆಂಡ್ ತೆಗೆದರು. ಓನರ್ ಆಂಟಿಗೆ "ಒಂದೇ ವಾರ ಆಂಟಿ, ಪ್ಲೀಸ್" ಅಂತ ಕೈಮುಗಿದೆ.

ಭಾನುವಾರ ಬೆಳಿಗ್ಗೆ ಖಾಲಿ ರಸ್ತೆಯಲ್ಲಿ ಎರಡನ್ನೂ ಒಂದೇ ದಾರಿಯಲ್ಲಿ ಓಡಿಸಿದೆ. ಸುಳ್ಳು ಯಾಕೆ ಹೇಳಲಿ, ರಾಲಿ ಗೆದ್ದಿತು. ಅದು ನುಣ್ಣಗೆ ಹೋಗುತ್ತೆ. ಹನುಮಂತನಗರದ ಏರನ್ನು ಕೂತಲ್ಲೇ ಹತ್ತಿದೆ. ಹಬ್ ಒಳಗಿಂದ ಬರೋ ಟಿಕ್ ಟಿಕ್ ಸದ್ದು ಕೇಳ್ತಾ ಡಬಲ್ ರೋಡ್‌ನಲ್ಲಿ ಹೋಗ್ತಾ ಇದ್ರೆ ಬೆಂಗಳೂರೇ ಬೇರೆ ಊರು ಅನ್ನಿಸುತ್ತೆ. ಹರ್ಕ್ಯುಲಿಸ್ ಅದೇ ಏರಲ್ಲಿ ಏದುಸಿರು ಬರಿಸಿತು. ಕೊನೆಗೆ ಇಳಿದು ತಳ್ಳಿದೆ.

ಮಂಗಳವಾರ ಸಂಜೆ ಕಥೆ ಬದಲಾಯಿತು. ಟ್ರಾಫಿಕ್ ಮಧ್ಯೆ ರಾಲಿಯ ಎರಡನೇ ಗೇರ್‌ನಲ್ಲಿ ಜೋರಾಗಿ ತುಳಿದೆ. ಪೆಡಲ್ ಸುಮ್ಮನೆ ಗಾಳಿಯಲ್ಲಿ ತಿರುಗಿತು. ಮೊಣಕಾಲು ಹ್ಯಾಂಡಲ್‌ಗೆ ಬಡಿಯಿತು. ಹಿಂದೆ ಬಸ್ಸು. ಪುಣ್ಯಕ್ಕೆ ಬೀಳಲಿಲ್ಲ.

ಇದು ಎಡಬ್ಲ್ಯೂ ಹಬ್‌ನ ಹಳೇ ಗುಣ. ಎರಡನೇ ಮತ್ತು ಮೂರನೇ ಗೇರ್ ನಡುವೆ ಒಂದು ಖಾಲಿ ಜಾಗ ಇದೆ. ಕೇಬಲ್ ಸ್ವಲ್ಪ ಸಡಿಲ ಆದರೂ ಗೇರ್ ಆ ಖಾಲಿ ಜಾಗಕ್ಕೆ ಜಾರುತ್ತೆ. ಸರಿ ಮಾಡೋದು ಕಷ್ಟ ಅಲ್ಲ. ಲಿವರನ್ನು ನಡುವಿನ ಗೇರ್‌ಗೆ ಹಾಕಿ. ಬಲಗಡೆ ನಟ್‌ನ ಪಕ್ಕದ ತೂತಿನಲ್ಲಿ ನೋಡಿ. ಚೈನ್ ಥರ ಇರೋ ಸಣ್ಣ ಸರಪಳಿಗೆ ಅಂಟಿದ ಕಡ್ಡಿಯ ಅಂಚು, ಚಕ್ರದ ಆಕ್ಸಲ್ ತುದಿಗೆ ಸರಿಸಮ ಇರಬೇಕು. ಇಲ್ಲದಿದ್ದರೆ ಕೇಬಲ್ ಬಿಗಿ ಮಾಡಿ. ಐದು ನಿಮಿಷದ ಕೆಲಸ.

ಆದರೆ ಇದು ನನಗೆ ಗೊತ್ತಾಗಿದ್ದು ರಾತ್ರಿ ಕೂತು ಓದಿದ ಮೇಲೆ. ಅದಕ್ಕೂ ಮುಂಚೆ ಮೂರು ಅಂಗಡಿಗೆ ಹೋಗಿದ್ದೆ. ಮೂರು ಕಡೆಯೂ ಒಂದೇ ಮಾತು. "ಇದನ್ನ ನಾವು ಬಿಚ್ಚಲ್ಲ ಸಾರ್. ಬಿಚ್ಚಿದ್ರೆ ಸಾಮಾನು ಸಿಗಲ್ಲ." ಅವರ ತಪ್ಪಲ್ಲ. ಅವರು ಕಲಿತ ಸೈಕಲ್‌ನಲ್ಲಿ ಈ ಹಬ್ ಇರಲೇ ಇಲ್ಲವಲ್ಲ.

ಇನ್ನೊಂದು ತೊಡಕು ಇದೆ. ಪೆಡಲ್ ತಿರುಗೋ ಜಾಗದಲ್ಲಿ ಫ್ರೇಮ್ ಒಳಗೆ ಮರೆ ಸುತ್ತು ಇರುತ್ತೆ, ಅಲ್ಲೇ ಕಪ್ ಕೂರೋದು. ಬ್ರಿಟನ್ನಿನ ಬೇರೆ ಕಂಪನಿಗಳು ಸಾಮಾನ್ಯವಾಗಿ ಇಂಚಿಗೆ 24 ಸುತ್ತು ಕೊರೆದರೆ, ರಾಲಿ ತನ್ನ ಕಾರ್ಖಾನೆಯಲ್ಲಿ ಇಂಚಿಗೆ 26 ಸುತ್ತು ಕೊರೆಯುತ್ತಿತ್ತು. ಹಾಗಾಗಿ ಬೇರೆ ಕಂಪನಿಯ ಕಪ್ ಅದಕ್ಕೆ ಕೂರಲ್ಲ. ರಾಲಿ ದೊಡ್ಡದಾಗಿದ್ದಾಗ ಅದು ಗತ್ತು. ಆ ಕಾರ್ಖಾನೆ ನಿಂತುಹೋದ ಮೇಲೆ ಅದು ಮಾಲೀಕನ ತಲೆನೋವು.

ಗುರುವಾರ ಮಳೆ ಬಂತು. ಆ ದಿನ ಹರ್ಕ್ಯುಲಿಸ್‌ನಲ್ಲಿ ಹೋಗಿದ್ದೆ. ಬ್ರೇಕ್ ಹಿಡಿದರೆ ಸೈಕಲ್ ನಿಲ್ಲಲೇ ಇಲ್ಲ. ಕಾಲು ನೆಲಕ್ಕೆ ಕೊಟ್ಟು ನಿಲ್ಲಿಸಿದೆ. ಇದು ನಿಮಗೆಲ್ಲ ಗೊತ್ತಿರಬೇಕಾದ ವಿಷಯ. ಎರಡೂ ಸೈಕಲ್‌ಗಳಲ್ಲಿ ಇರೋದು ಹೊಳೆಯೋ ಕ್ರೋಮ್ ಲೇಪನದ ಉಕ್ಕಿನ ರಿಮ್. ಒದ್ದೆಯಾದರೆ ಬ್ರೇಕ್ ರಬ್ಬರ್ ಅದರ ಮೇಲೆ ಜಾರುತ್ತೆ. ಕೇಬಲ್ ಬ್ರೇಕಾದರೂ ಅಷ್ಟೇ, ಕಡ್ಡಿ ಬ್ರೇಕಾದರೂ ಅಷ್ಟೇ. ಈ ವಿಷಯದಲ್ಲಿ ದಾಯಾದಿಗಳಿಬ್ಬರಿಗೂ ಒಂದೇ ಕಾಯಿಲೆ. ರಾಲಿಗೆ ಅಲ್ಯೂಮಿನಿಯಂ ರಿಮ್ ಹಾಕಿಸಿದರೆ ಬ್ರೇಕ್ ಚೆನ್ನಾಗಿ ಹಿಡಿಯುತ್ತೆ. ಕಡ್ಡಿ ಬ್ರೇಕ್ ರಿಮ್‌ನ ಒಳಗಡೆ ಮೇಲ್ಮೈಗೆ ಒತ್ತುತ್ತೆ, ಅದಕ್ಕೆ ಬೇರೆಯದೇ ಆಕಾರದ ರಿಮ್ ಬೇಕು. ಹಾಗಾಗಿ ಹರ್ಕ್ಯುಲಿಸ್‌ಗೆ ಆ ದಾರಿ ಸುಲಭ ಇಲ್ಲ. ಮಳೆಯಲ್ಲಿ ಹೋಗಲೇಬೇಕಾದರೆ ಆಗಾಗ ಬ್ರೇಕ್ ಮೆಲ್ಲಗೆ ಮುಟ್ಟಿಸುತ್ತಾ ರಿಮ್‌ನ ನೀರು ಒರೆಸಿಕೊಳ್ಳಿ. ಎಂದಿಗಿಂತ ಬಹಳ ಮುಂಚೆಯೇ ಹಿಡಿಯೋಕೆ ಶುರು ಮಾಡಿ. ಇಳಿಜಾರಿನಲ್ಲಿ ಇಳಿದು ತಳ್ಳಿ, ಅದರಲ್ಲಿ ಅವಮಾನ ಏನೂ ಇಲ್ಲ. ಜೋರು ಮಳೆ ಇದ್ದರೆ ನಾನಂತೂ ಬಸ್ಸು.

ಕೊನೆಗೆ ಯಾವುದು?

ಶನಿವಾರ ರಾಲಿಯನ್ನು ಮಲ್ಲೇಶ್ವರಕ್ಕೆ ಓಡಿಸಿಕೊಂಡು ಹೋಗಿ ವಾಪಸ್ ಕೊಟ್ಟೆ. ಗೇರ್ ಸರಿ ಮಾಡಿ, ಹಬ್‌ನ ಪುಟ್ಟ ಮುಚ್ಚಳ ತೆಗೆದು ನಾಲ್ಕು ಹನಿ ಎಣ್ಣೆ ಬಿಟ್ಟು ಕೊಟ್ಟೆ. ಕಣ್ಣಲ್ಲಿ ಸ್ವಲ್ಪ ನೀರು ಬಂತು ಅಂದ್ರೆ ನಗಬೇಡಿ.

ಅಜ್ಜನದು ಅನ್ನೋ ಪ್ರೀತಿಗಾಗಿ ಮಾತ್ರ ಹರ್ಕ್ಯುಲಿಸ್ ಆರಿಸಿಕೊಂಡೆ ಅಂದುಕೊಳ್ಳಬೇಡಿ. ಪ್ರೀತಿ ಇದ್ದಿದ್ದರೆ ಇಷ್ಟು ವರ್ಷ ಕೊಟ್ಟಿಗೆಯಲ್ಲಿ ಬಿಡ್ತಾ ಇರಲಿಲ್ಲ. ನಾನು ಕೇಳಿಕೊಂಡ ಪ್ರಶ್ನೆ ಇಷ್ಟೇ. ಯಾವುದು ಕೆಟ್ಟ ದಿನವೇ ರಿಪೇರಿಯಾಗಿ ಮರುದಿನ ಬೆಳಿಗ್ಗೆ ನನ್ನನ್ನು ಆಫೀಸಿಗೆ ಕರ್ಕೊಂಡು ಹೋಗುತ್ತೆ? ಭಾನುವಾರದ ಸವಾರಿಗೆ ರಾಲಿಯೇ ಮೇಲು. ಆದರೆ ದಿನಾ ಓಡಿಸೋ ಸೈಕಲ್ ಅಂದ್ರೆ ಬರೀ ಸೈಕಲ್ ಅಲ್ಲ. ಅದರ ಹಿಂದೆ ಇರೋ ಅಂಗಡಿ, ಸಾಮಾನು, ಅದನ್ನು ಬಲ್ಲ ಕೈಗಳು ಎಲ್ಲಾ ಸೇರಿ ಅದು ಸೈಕಲ್. ಹರ್ಕ್ಯುಲಿಸ್ ಹಿಂದೆ ಆ ಬಳಗ ಈಗಲೂ ಜೀವಂತ ಇದೆ.

ಏರಿನ ಸಮಸ್ಯೆಗೂ ಶಾಪ್‌ನ ಅಣ್ಣನೇ ಪರಿಹಾರ ಕೊಟ್ಟರು. ಹಿಂದಿನ 18 ಹಲ್ಲಿನ ಫ್ರೀವೀಲ್ ತೆಗೆದು 20 ಹಲ್ಲಿನದು ಹಾಕಿದರು. ಪೆಡಲ್‌ನ ಒಂದು ಸುತ್ತಿಗೆ ಹೋಗೋ ದೂರ ಹತ್ತರಲ್ಲಿ ಒಂದು ಪಾಲು ಕಡಿಮೆಯಾಯಿತು. ವೇಗ ಸ್ವಲ್ಪ ಹೋಯಿತು, ಮೊಣಕಾಲು ಉಳಿಯಿತು. ಹನುಮಂತನಗರದ ಏರನ್ನು ಈಗ ಮುಕ್ಕಾಲು ಪಾಲು ತುಳಿದೇ ಹತ್ತುತ್ತೀನಿ. ಉಳಿದ ಕಾಲು ಪಾಲು ಅಜ್ಜನ ಹಾಗೆ ತಳ್ಳುತ್ತೀನಿ.

ಎಲ್ಲರೂ ಇದನ್ನೇ ಮಾಡಿ ಅಂತ ಹೇಳಲ್ಲ. ಪಾನಾ ಹಿಡಿಯೋಕೆ ಇಷ್ಟ ಇದೆ, ಸಾಮಾನು ಆನ್‌ಲೈನ್‌ನಲ್ಲಿ ತರಿಸಿ ವಾರಗಟ್ಟಲೆ ಕಾಯೋ ತಾಳ್ಮೆ ಇದೆ, ಮನೆ ದಾರಿಯಲ್ಲಿ ಏರು ಜಾಸ್ತಿ ಇದೆ ಅಂದ್ರೆ ರಾಲಿಯಂಥದ್ದೇ ತಗೊಳ್ಳಿ. ಸರಿಯಾಗಿ ನೋಡಿಕೊಂಡರೆ ಆ ಹಬ್ ನಿಮಗಿಂತ ಜಾಸ್ತಿ ಬದುಕುತ್ತೆ. ಯಾವುದೇ ತಗೊಂಡರೂ ದುಡ್ಡು ಕೊಡೋ ಮುಂಚೆ ಇಷ್ಟು ನೋಡಿ.

ಮೊದಲನೇದು, ಟಯರ್ ಅಳತೆ. 26 ಇಂಚು ಅಂದಾಕ್ಷಣ ಎಲ್ಲಾ 26 ಒಂದೇ ಅಲ್ಲ. ಹಳೇ ರಾಲಿಯ ಟಯರ್ ಪಕ್ಕದಲ್ಲಿ 590 ಅಂತ ಇರುತ್ತೆ, ಗುಡ್ಡ ಹತ್ತೋ ಸೈಕಲ್‌ನ 26 ಇಂಚಿನ ಟಯರ್ ಮೇಲೆ 559 ಅಂತ. ಒಂದು ಇನ್ನೊಂದಕ್ಕೆ ಕೂರಲ್ಲ. ಕಪ್ಪು ಸೈಕಲ್‌ನ 28 ಇಂಚು ಅಂದ್ರೆ 635. ಈಗಿನ ಸೈಕಲ್‌ಗಳ 700ಸಿ ಅಂದ್ರೆ 622. ಅಂಗಡಿಗೆ ಹೋಗೋ ಮುಂಚೆ ಆ ಮೂರಂಕಿಯ ಫೋಟೋ ತೆಗೆದುಕೊಂಡು ಹೋಗಿ.

ಎರಡನೇದು, ಮುಂದಿನ ಫೋರ್ಕ್ ಮತ್ತು ಅದರ ಹಿಂದೆ ಕೆಳಗೆ ಇಳಿಯೋ ಕೊಳವೆ. ಎಲ್ಲಾದರೂ ಗುದ್ದಿದ್ದರೆ ಆ ಕೊಳವೆಯ ಅಡಿಯಲ್ಲಿ ಬಣ್ಣ ಸುಕ್ಕುಗಟ್ಟಿರುತ್ತೆ. ಬೆರಳಾಡಿಸಿ ನೋಡಿ. ಸುಕ್ಕು ಸಿಕ್ಕಿದರೆ ನಮಸ್ಕಾರ ಹೇಳಿ ವಾಪಸ್ ಬನ್ನಿ.

ಮೂರನೇದು, ಕಾಟರ್ ಪಿನ್. ಪೆಡಲ್ ತೋಳನ್ನು ಹಿಡಿದಿಟ್ಟಿರೋ ಬೆಣೆ ಅದು. ತುಳಿಯುವಾಗ ಪ್ರತಿ ಸುತ್ತಿಗೂ 'ಟಕ್' ಅಂದ್ರೆ ಅದು ಸಡಿಲ ಆಗಿದೆ ಅಂತ. ಹಾಗೇ ಓಡಿಸಿದರೆ ಪಿನ್ ಜೊತೆ ತೋಳೂ ಹಾಳಾಗುತ್ತೆ. ಹೊಸ ಪಿನ್ ಹಾಕೋವಾಗ ಅರದಿಂದ ಉಜ್ಜಿ ಸರಿಯಾಗಿ ಕೂರಿಸೋರ ಹತ್ತಿರವೇ ಮಾಡಿಸಿ.

ನಾಲ್ಕನೇದು, ಎತ್ತರ. ಕಪ್ಪು ಸೈಕಲ್ ಸಾಮಾನ್ಯವಾಗಿ 22 ಅಥವಾ 24 ಇಂಚಿನ ಫ್ರೇಮ್. ಎರಡೂ ಪಾದ ನೆಲಕ್ಕೆ ಊರಿ ಮೇಲಿನ ಬಾರ್ ಮೇಲೆ ನಿಂತಾಗ ಸ್ವಲ್ಪ ಜಾಗ ಉಳಿಯಬೇಕು. ಬಾರ್ ಕೆಳಗಿಂದ ಕಾಲು ತೂರಿಸಿ ತುಳಿಯೋದನ್ನು ನಮ್ಮಪ್ಪನ ಕಾಲದವರು ಬಾಡಿಗೆ ಸೈಕಲ್‌ನಲ್ಲಿ ಕಲಿತರು. ಸಿಗ್ನಲ್‌ನಲ್ಲಿ ಅದು ನಡೆಯಲ್ಲ.

ಐದನೇದು, ದೀಪ. ಟಯರ್‌ಗೆ ಉಜ್ಜೋ ಹಳೇ ಡೈನಮೋ ನೋಡೋಕೆ ಚೆಂದ, ಆದರೆ ಸೈಕಲ್ ನಿಂತ ಕೂಡಲೇ ದೀಪ ಆರುತ್ತೆ. ಸಿಗ್ನಲ್‌ನಲ್ಲಿ ನೀವು ಕತ್ತಲಲ್ಲಿ ನಿಂತಿರ್ತೀರಾ. ಚಾರ್ಜ್ ಆಗೋ ಕೆಂಪು ದೀಪ ಒಂದನ್ನು ಹಿಂದೆ ಹಾಕಿ. ಅಂದ ಕೆಟ್ಟರೆ ಕೆಡಲಿ.

2020ರ ಜೂನ್ 3, ವಿಶ್ವ ಸೈಕಲ್ ದಿನ. ಅದೇ ದಿನ ಅಟ್ಲಾಸ್ ತನ್ನ ಕೊನೆಯ ಕಾರ್ಖಾನೆಯ ಕೆಲಸ ನಿಲ್ಲಿಸಿತು. ಕಪ್ಪು ಸೈಕಲ್‌ನ ಸಾಮಾನು ಎಂದೆಂದಿಗೂ ಸಿಗುತ್ತೆ ಅಂತ ಹಾಗಾಗಿ ನಾನು ಹೇಳಲ್ಲ. ಓಡಿಸೋರು ಇರೋ ತನಕ ಮಾತ್ರ ಅಂಗಡಿ ಇರುತ್ತೆ, ಅಂಗಡಿ ಇರೋ ತನಕ ಸಾಮಾನು ಇರುತ್ತೆ. ನಾಟಿಂಗ್‌ಹ್ಯಾಮ್‌ನಲ್ಲಿ ಆಗಿದ್ದು ಇಲ್ಲಿ ಆಗಬಾರದು ಅಂತೇನಿಲ್ಲ. ನಿಮ್ಮ ಊರ ಕೊಟ್ಟಿಗೆಯಲ್ಲೂ ಒಂದು ಸೈಕಲ್ ಇದ್ದರೆ, ಗುಜರಿಯವನು ಬರೋ ಮುಂಚೆ ಒಂದು ಸಲ ಹೋಗಿ ನೋಡಿ.

ಅಮ್ಮನಿಗೆ ಫೋನ್ ಮಾಡಿ ಹೇಳಿದೆ, "ಸೈಕಲ್ ಇಟ್ಕೊಂಡೆ ಕಣಮ್ಮ, ದಿನಾ ಆಫೀಸಿಗೆ ಅದ್ರಲ್ಲೇ ಹೋಗ್ತಿದೀನಿ" ಅಂತ. ಒಂದು ಕ್ಷಣ ಆ ಕಡೆಯಿಂದ ಮಾತಿಲ್ಲ. ಆಮೇಲೆ ಕೇಳಿದ್ರು, "ಬೆಲ್ ಹೊಡಿಯುತ್ತೇನೋ?"

ಹೊಡಿಯುತ್ತೆ. ಕೇಳಿ.

(ಬೆಲ್ ಸದ್ದು)

ಇವತ್ತಿಗೆ ಇಷ್ಟು. ನಿಮ್ಮ ಮನೆಯ ಹಳೇ ಸೈಕಲ್ ಕಥೆ ಇದ್ದರೆ ವಾಯ್ಸ್ ಮೆಸೇಜ್ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಕೇಳಿಸೋಣ. ಅಲ್ಲಿವರೆಗೂ ನಿಧಾನಕ್ಕೆ ಹೋಗಿ, ಎಡಗಡೆ ಹೋಗಿ. ಸಿಗೋಣ.